ಜೋಯಿಸರ ಜಾತಕ, ಗಿಣಿಯ ಚೀಟಿ

ನನಗೆ ಪದವಿ ಸಿಗುವುದಿಲ್ಲ ಎಂದು ಮೊದಲು ಹೇಳಿದವರು ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನ ಒಬ್ಬ ಜೋಯಿಸರು. ಅವರು ಹೇಳಿದ್ದು ಒಂದೇ ಸಲ. ಅದನ್ನು ವರ್ಷಗಟ್ಟಲೆ ಬಿಡದೆ ಹೇಳಿದವರು ನಮ್ಮ ದೊಡ್ಡಪ್ಪ.

ಅರವತ್ತರ ದಶಕದ ನಡುವಿನ ಮಾತು. ಶರಾವತಿಯ ಹಿನ್ನೀರು ಬಂದು ನಿಂತಾಗಿತ್ತು. ನಮ್ಮ ಹಳ್ಳಿ ತುಮರಿ ಕಡೆಯದು. ಸಾಗರಕ್ಕೆ ಹೋಗಬೇಕಾದರೆ ದೋಣಿ ಹತ್ತಬೇಕು. ನೀರು ದಾಟದೆ ಹೋಗಬಹುದಾಗಿದ್ದ ಪೇಟೆಯೆಂದರೆ ಹೊಸನಗರ. ಅಲ್ಲಿ ಸೋದರಮಾವನ ಮನೆಯಲ್ಲಿದ್ದು ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ನಮ್ಮದು ಗೇಣಿ ಗದ್ದೆ ಮಾಡುವ ಮನೆ. ಗಂಡಸರೂ ಹೆಬ್ಬೆಟ್ಟು ಒತ್ತುವವರೇ. ಹಾಗಾಗಿ ನಾನು ಪಾಸಾದದ್ದು ಮನೆಗೆ ಹೆಮ್ಮೆಯೂ ಆಯಿತು, ತಲೆನೋವೂ ಆಯಿತು. ಸಾಗರದ ಕಾಲೇಜಿಗೆ ಸೇರಬೇಕೆಂದು ನಾನು ಹಟ ಹಿಡಿದೆ. ಅದೇ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಸ್ವಲ್ಪ ಅನುಕೂಲಸ್ಥರು, ಜಾತಕ ಕೇಳಿದರು.

ನಮ್ಮ ಮನೆಯಲ್ಲಿ ಯಾರಿಗೂ ಜಾತಕವೆಂಬುದೇ ಇರಲಿಲ್ಲ. ಮನೆಯ ಹಿರಿಯರಾದ ದೊಡ್ಡಪ್ಪ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಜೋಯಿಸರ ಮನೆಗೆ ಹೊರಟರು. ಅವರಿಬ್ಬರೂ ಜಗಲಿಯ ಕೆಳಗೆ ನಿಂತರು. ನಾನು ಮೆಟ್ಟಿಲ ಪಕ್ಕ ನಿಂತೆ.

“ಹುಟ್ಟಿದ ಹೊತ್ತು ಹೇಳಿ” ಎಂದರು ಜೋಯಿಸರು.

ಅಪ್ಪ ತಲೆ ಕೆರೆದುಕೊಂಡರು. “ಯುಗಾದಿ ಮಾರನೇ ದಿನ ಸ್ವಾಮಿ. ಗಂಟೆ ಗಿಂಟೆ ನಮಗೆ ಗೊತ್ತಿಲ್ಲ. ಹಲಸಿನ ಮರದ ನೆರಳು ಕೊಟ್ಟಿಗೆ ಬಾಗಿಲಿಗೆ ಬಂದಿತ್ತು.”

“ಮರ ಕೊಟ್ಟಿಗೆಯಿಂದ ಯಾವ ಕಡೆಗೆ?”

“ಪಡುವಣಕ್ಕೆ.”

“ಎಷ್ಟು ದೂರ? ಎಷ್ಟು ಎತ್ತರ?”

ಜೋಯಿಸರು ನಗಲಿಲ್ಲ. ನೆರಳನ್ನು ಗಳಿಗೆಗೆ ತಿರುಗಿಸಿದರು, ಪಂಚಾಂಗ ತೆಗೆದರು, ಮನೆಗಳನ್ನು ಬರೆದು ಗ್ರಹಗಳನ್ನು ಕೂರಿಸಿದರು. ಲೆಕ್ಕದ ಮೇಲೆ ಅವರಿಗಿದ್ದ ಶ್ರದ್ಧೆ ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಹೇಳಿದರು: “ಬುಧ ನೀಚನಾಗಿದ್ದಾನೆ. ವಿದ್ಯಾಸ್ಥಾನಕ್ಕೆ ಶನಿಯ ದೃಷ್ಟಿ ಇದೆ. ಆದಷ್ಟು ಓದು ಆಗಿದೆ, ಇನ್ನು ಪದವಿಯ ಯೋಗ ಇಲ್ಲ. ಮದುವೆಗೆ ಕಾಲ ಚೆನ್ನಾಗಿದೆ.”

ಅವರು ಕೇಳಿದ್ದೆಲ್ಲ ಮರ, ಕೊಟ್ಟಿಗೆ, ಬಿಸಿಲು. ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಜಾತಕಕ್ಕೆ ಹುಟ್ಟಿದ ಹೊತ್ತು ಸಾಕು, ಹುಟ್ಟಿದವಳು ಎದುರಿಗಿರಬೇಕೆಂದಿಲ್ಲ.

“ಮುಗೀತಲ್ಲ” ಎಂದರು ದೊಡ್ಡಪ್ಪ, ಬಸ್ಸಿಗೆ ಕಾಯುವಾಗ. “ಗ್ರಹಗಳೇ ಬ್ಯಾಡ ಅಂದ್ಮೇಲೆ ನಾವು ಯಾರು?” ಅಣ್ಣನಿಗೆ ಎದುರು ಮಾತಾಡಿ ಅಪ್ಪನಿಗೆ ರೂಢಿಯಿರಲಿಲ್ಲ. ಜೋಯಿಸರು ಕೊಟ್ಟ ಕಾಗದವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಡುನಡುವೆ ಬಿಚ್ಚಿ ನೋಡುತ್ತಿದ್ದರು. ಅವರಿಗೆ ಅದರಲ್ಲಿ ಗೆರೆಗಳು ಬಿಟ್ಟರೆ ಬೇರೇನೂ ಕಾಣುವಂತಿರಲಿಲ್ಲ. ನನಗೆ ಅಕ್ಷರ ಓದಲು ಬಂದರೂ ಅರ್ಥವಾಗುತ್ತಿರಲಿಲ್ಲ.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಹೆಣ್ಣು ನೋಡಲು ಬರುವವರ ಮುಂದೆ ಕೂರಲು ನನಗೊಂದು ಒಳ್ಳೆಯ ಸೀರೆ ಬೇಕೆಂದು ಮೂವರೂ ದೋಣಿ ದಾಟಿ ಸಾಗರದ ಸಂತೆಗೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರ, ಮರದ ಕೆಳಗೆ, ಬಯಲುಸೀಮೆಯ ಗಿಣಿಶಾಸ್ತ್ರದವನು ಚಾಪೆ ಹಾಸಿ ಕೂತಿದ್ದ. ಮುಂದೆ ಒಂದು ಪುಟ್ಟ ಪಂಜರ, ಮಡಿಸಿದ ಚೀಟಿಗಳ ಸಾಲು. ಪ್ರತಿ ಚೀಟಿಯೊಳಗೂ ಒಂದೊಂದು ದೇವರ ಚಿತ್ರ. ಕೇಳುವವರು ಪ್ರಶ್ನೆ ಹೇಳಿದರೆ ಗಿಣಿ ಹೊರಗೆ ಬಂದು ಒಂದು ಚೀಟಿ ಎಳೆಯುತ್ತದೆ. ಅವನು ಬಿಚ್ಚಿ ಫಲ ಹೇಳುತ್ತಾನೆ. ಗಿಣಿಗೆ ಕೂಲಿ ಒಂದು ಭತ್ತದ ಕಾಳು.

“ತಡಿ, ಈ ಗಿಣೀನೂ ಒಂದ್ಸಲ ಕೇಳಿ ಬಿಡಾಣ” ಎಂದರು ದೊಡ್ಡಪ್ಪ. ಅವರಿಗೆ ಜೋಯಿಸರ ಮಾತಿಗೆ ಇನ್ನೊಂದು ಮೊಹರು ಬೇಕಿತ್ತು, ಅಷ್ಟೆ. ಅಪ್ಪನನ್ನು ಮುಂದೆ ದೂಡಿದರು.

ಅಪ್ಪ ಕುಕ್ಕರಗಾಲಲ್ಲಿ ಕೂತು, “ಮಗಳಿಗೆ ವಿದ್ಯೆ ಹತ್ತುತ್ತದಾ?” ಎಂದರು.

“ಮಗಳು ಎಲ್ಲಿ?”

“ಇಲ್ಲೇ ನಿಂತಿದಾಳಲ್ಲ.”

“ಹಂಗಾದ್ರೆ ಅದು ಆಕೆ ಪ್ರಶ್ನೆ ಯಜಮಾನ್ರೇ. ಕೂತಿರೋರು ನೀವು. ನೀವು ಮಾಡೋದು ಏನೈತಿ, ಅದನ್ನ ಕೇಳ್ರಿ.”

ಸಂತೆಗೆ ಬಂದ ಐದಾರು ಮಂದಿ ಸುತ್ತ ನಿಂತು ನೋಡುತ್ತಿದ್ದರು. ಅಪ್ಪ ಟವೆಲಿನ ತುದಿಯನ್ನು ತಿರುವುತ್ತ ಕೂತರು.

“ಕೇಳಾ ಮಾರಾಯ, ಹೊತ್ತಾಗ್ತದೆ” ಎಂದು ದೊಡ್ಡಪ್ಪ ಗದರಿದರು.

“ಮಗಳನ್ನ ಕಾಲೇಜಿಗೆ ಕಳಿಸ್ಲಾ ಬ್ಯಾಡ್ವಾ?” ಎಂದರು ಅಪ್ಪ. ಅಷ್ಟು ದಿನ ಮನೆಯಲ್ಲಿ ಯಾರೂ ಆ ಪ್ರಶ್ನೆಯನ್ನು ಅಪ್ಪನಿಗೆ ಕೇಳಿರಲಿಲ್ಲ. ಅಪ್ಪನೂ ತಾನಾಗಿ ಬಾಯಿ ಬಿಟ್ಟಿರಲಿಲ್ಲ.

“ಬಾರವ್ವ, ಯಜಮಾನ್ರಿಗೆ ಒಂದು ಚೀಟಿ ತೆಗಿ” ಎಂದು ಅವನು ಗಿಣಿಯ ಪಂಜರದ ಬಾಗಿಲು ತೆಗೆದ.

ಗಿಣಿ ಎರಡು ಚೀಟಿ ಎಳೆದು ಬಿಸಾಡಿ ಮೂರನೆಯದನ್ನು ಅವನ ಕೈಗೆ ಕೊಟ್ಟಿತು. ಬಿಚ್ಚಿದರೆ, ತಲೆಯ ಮೇಲೆ ಬುಟ್ಟಿ ಹೊತ್ತ ವಸುದೇವ, ಬುಟ್ಟಿಯಲ್ಲಿ ಕೃಷ್ಣ, ಸೊಂಟದವರೆಗೆ ನೀರು, ಮೇಲೆ ಹಾವಿನ ಹೆಡೆ.

“ಒಳ್ಳೆ ಚೀಟಿ! ಮನೆಗೆ ಗಂಡು ಸಂತಾನ ಬರತೈತಿ” ಎಂದು ಅವನು ರಾಗವಾಗಿ ಶುರು ಮಾಡಿದ.

“ನೋಡು, ನೋಡು. ಮದುವೆ ಅಂತ್ಲೇ ಬಂತು” ಎಂದು ದೊಡ್ಡಪ್ಪ ಹೊರಡಲು ತಿರುಗಿದರು.

ಅಪ್ಪ ಏಳಲಿಲ್ಲ. ಕೈಚಾಚಿ ಚೀಟಿ ಇಸಕೊಂಡರು. ಬಯಲಾಟ ನೋಡುವುದೆಂದರೆ ಅವರಿಗೆ ಪ್ರಾಣ. ಈ ಕಥೆ ಅವರಿಗೆ ಬಾಯಿಪಾಠ. “ಇದು ವಸುದೇವ ಅಲ್ವಾ? ಮಗೂನ ಹೊಳೆ ದಾಟಿಸ್ತಾ ಇದಾನೆ.”

“ಹೌದು ಯಜಮಾನ್ರೇ.”

“ಆಚೆ ದಡದಲ್ಲಿ ಬಿಟ್ಟು ಬಂದ. ಹೌದಾ?”

“ಹೌದು, ಬಿಟ್ಟು ಬಂದ.”

“ಹಂಗಾದ್ರೆ ಸಂತಾನ ಎಲ್ಲಿಂದ ಬಂತು? ಇದು ದಾಟಿಸು ಅಂತ ಇರೋದು.”

ಗಿಣಿಶಾಸ್ತ್ರದವನು ಅಪ್ಪನ ಮುಖ ನೋಡಿದ, ದೊಡ್ಡಪ್ಪನ ಮುಖ ನೋಡಿದ, “ಹಂಗೂ ಹೇಳಬಹುದ್ರಿ” ಎಂದ. ಸುತ್ತ ನಿಂತವರು ನಕ್ಕರು. “ಯಜಮಾನ್ರು ನಿನ್ನ ಅಂಗಡಿ ಮುಚ್ಚಿಸ್ತಾರೆ ನೋಡು” ಎಂದು ಯಾರೋ ಕಿಚಾಯಿಸಿದರು.

ದೊಡ್ಡಪ್ಪನಿಗೆ ಸಿಟ್ಟು ಬಂತು. “ಗಿಣಿ ತೆಗೆದದ್ದಕ್ಕೆ ನೀನು ಅರ್ಥ ಹೇಳದಾ? ಜೋಯಿಸರ ಮಾತಿಗೆ ಬೆಲೆ ಇಲ್ವಾ?”

ಆಗ ಅಪ್ಪ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಜೋಯಿಸರು ಬರೆದದ್ದು ನಂಗೆ ಓದಾಕೆ ಬರಲ್ಲ ಅಣ್ಣ. ಅವರು ಹೇಳಿದ್ದನ್ನ ನಂಬಬೇಕು ಅಷ್ಟೆ. ಇದು ನಂಗೆ ಕಾಣ್ತದೆ.”

ಆವತ್ತು ಸೀರೆ ಕೊಳ್ಳಲಿಲ್ಲ. ವಾಪಸು ಬರುವಾಗ ದೋಣಿಯಲ್ಲಿ ದೊಡ್ಡಪ್ಪ ಬೆನ್ನು ಹಾಕಿ ಕೂತಿದ್ದರು. ಮನೆಗೆ ಬಂದು ಎರಡು ದಿನ ಕಳೆದ ಮೇಲೆ ಅವರೇ ಒಂದು ಷರತ್ತು ಹಾಕಿದರು: ಆಗ ಒಂದೇ ವರ್ಷದ್ದಾಗಿದ್ದ ಪಿಯುಸಿ ಓದಲಿ, ಫೇಲಾದರೆ ಮದುವೆ. ಬುಧ ಇದ್ದಾನಲ್ಲ ಎಂಬ ಧೈರ್ಯ ಅವರಿಗೆ.

ನಾನು ಫೇಲಾದೆ. ಇಂಗ್ಲಿಷಿನಲ್ಲಿ. ಹೊಸನಗರದಲ್ಲಿ ಕನ್ನಡದಲ್ಲೇ ಓದಿ ಬಂದವಳಿಗೆ ಸಾಗರದ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷು. ವಿಧವೆಯೊಬ್ಬರ ಮನೆಯಲ್ಲಿ ಅಡುಗೆಗೆ, ನೀರು ಸೇದುವುದಕ್ಕೆ ನೆರವಾಗುತ್ತ ಅಲ್ಲಿಯೇ ಇದ್ದೆ. ಸುದ್ದಿ ಊರಿಗೆ ಮುಟ್ಟಿದಾಗ ದೊಡ್ಡಪ್ಪ ಬಯ್ಯಲಿಲ್ಲ. “ನಾನು ಹೇಳಿರ್ಲಿಲ್ವಾ, ಬುಧ” ಎಂದರಂತೆ. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ನನ್ನ ಸೋಲೂ ನನ್ನದಲ್ಲ ಎಂಬಂತೆ ಇತ್ತು.

ಅಪ್ಪ ಎಂದಿನಂತೆ ನನ್ನ ಪಾಲಿನ ಅಕ್ಕಿಯ ಮೂಟೆಯನ್ನು ತಲೆಯ ಮೇಲಿಟ್ಟುಕೊಂಡು ಸಾಗರಕ್ಕೆ ಬಂದರು. “ಇನ್ನೊಂದ್ಸಲ ಗಿಣಿ ಹತ್ರ ಕೇಳಾಣ್ವಾ ಅಪ್ಪ?” ಎಂದೆ, ಅಳುತ್ತ.

“ಎಂತಕ್ಕೆ? ಗಿಣಿ ಹೇಳಿದ್ದು ನನಗೆ. ನಾನು ದಾಟಿಸಿದೆ. ಓದದು ನಿಂದು” ಎಂದು ಮೂಟೆ ಇಳಿಸಿದರು.

ಮತ್ತೆ ಪರೀಕ್ಷೆಗೆ ಕಟ್ಟಿ ಪಾಸಾದೆ. ದೊಡ್ಡಪ್ಪನ ಷರತ್ತಿನಂತೆ ನನ್ನ ಮದುವೆಯಾಗಬೇಕಿತ್ತು, ಆದರೆ ಅಷ್ಟು ಹೊತ್ತಿಗೆ ತೀರ್ಥಹಳ್ಳಿಯ ಹುಡುಗನಿಗೆ ಬೇರೆ ಕಡೆ ಮದುವೆಯಾಗಿತ್ತು. ಬಿ.ಎ. ಸೇರಿದೆ. ಅಪ್ಪ ಹದಿನೈದು ದಿನಕ್ಕೊಮ್ಮೆ ಮೂಟೆ ಹೊತ್ತು ದೋಣಿ ದಾಟಿ, ಖಾಲಿ ಚೀಲದೊಂದಿಗೆ ವಾಪಸಾಗುತ್ತಿದ್ದರು. ದೋಣಿಯವರು “ಬಂದ್ರಾ ವಸುದೇವ್ರು?” ಎಂದು ತಮಾಷೆ ಮಾಡುತ್ತಿದ್ದರು. ದೊಡ್ಡಪ್ಪನೇ ಆ ಕಥೆಯನ್ನು ಊರೆಲ್ಲ ಹಬ್ಬಿಸಿದ್ದು.

ಕೊನೆಯ ವರ್ಷದ ಪರೀಕ್ಷೆ ಬರೆದು ಹೊಸನಗರಕ್ಕೆ ಹೋದಾಗ, ಮಾವನನ್ನು ಕಾಡಿ ಮೇಳಿಗೆಗೆ ಕರೆದುಕೊಂಡು ಹೋದೆ. ಜಗಳ ಆಡುವ ಉದ್ದೇಶವಿತ್ತು. ಜೋಯಿಸರಿಗೆ ನನ್ನ ನೆನಪಿರಲಿಲ್ಲ, ಹಲಸಿನ ಮರದ ನೆರಳು ನೆನಪಿತ್ತು. ನಾನು ತಂದಿದ್ದ ಜಾತಕ ನೋಡಿ, “ಬುಧ ನೀಚನೇ. ಒಂದು ಸಲ ತಪ್ಪಿ ಹೋಗಿರಬೇಕಲ್ಲ ಪರೀಕ್ಷೆ?” ಎಂದರು.

“ಹೌದು. ಆದ್ರೆ ಪದವಿ ಯೋಗವೇ ಇಲ್ಲ ಅಂದಿದ್ರಿ.”

ಅವರು ಮತ್ತೆ ಲೆಕ್ಕಕ್ಕೆ ಬಗ್ಗಿದರು. “ಗುರು ಕೇಂದ್ರದಲ್ಲಿದ್ದಾನೆ. ಬುಧನ ನೀಚತ್ವಕ್ಕೆ ಭಂಗ ಬರ್ತದೆ. ಓದು ತಡವಾಗಿ ಆಗ್ತದೆ, ಆಗೋದಂತೂ ಹೌದು.”

“ಆವತ್ತು ಇದು ಕಾಣ್ಲಿಲ್ವಾ?”

“ಆವತ್ತು ನಿಮ್ಮ ದೊಡ್ಡಪ್ಪ ಮದುವೆಗೆ ಅಂತ ಕೇಳಿದ್ರು ತಂಗಿ. ಮದುವೆಗೆ ಬೇಕಾದ್ದನ್ನ ಪೂರಾ ನೋಡಿದೆ. ಓದಿಂದು ಮೇಲೆ ಮೇಲೆ ಹೇಳಿರಬೇಕು.”

ಜಗಳ ಆಡಲಾಗಲಿಲ್ಲ. ಅವರು ಮಜ್ಜಿಗೆ ಕೊಟ್ಟರು, ಕುಡಿದು ಬಂದೆ.

ಈಗ ಪೇಟೆಯಲ್ಲಿ ಟ್ಯಾರೋ ಎಂದು ಇಸ್ಪೀಟಿನಂಥ ಚಿತ್ರದ ಎಲೆ ಹರಡಿ ದಾರಿ ಹೇಳುವವರಿದ್ದಾರೆ. ಪರಿಚಯದ ಹುಡುಗಿಯೊಬ್ಬಳು ಮಾಡಿ ತೋರಿಸಿದಳು. ನೋಡಿದರೆ ನಮ್ಮ ಸಾಗರದ ಮರದ ಕೆಳಗಿನದೇ, ಗಿಣಿಯೊಂದಿಲ್ಲ. ಜ್ಯೋತಿಷ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅವಳು ಕೇಳಿದಳು. ನನಗೆ ಎರಡರಲ್ಲೂ ನಂಬಿಕೆಯಿಲ್ಲ, ಆದರೂ ಕಂಡದ್ದನ್ನು ಹೇಳಿದೆ. ಜಾತಕ ಹುಟ್ಟಿದ ಗಳಿಗೆಯಿಂದ ಶುರುವಾಗಿ ಮುಂದೆ ಏನಾಗುತ್ತದೆ ಎಂದು ಹೇಳಲು ನೋಡುತ್ತದೆ. ಅದಕ್ಕೆ ಓದು, ಲೆಕ್ಕ ಬೇಕು. ಕಲಿಯದವನು ಬಾಯಿ ಹಾಕುವಂತಿಲ್ಲ. ಚೀಟಿಗೆ ಹಿಂದಿನದೇನೂ ಗೊತ್ತಿಲ್ಲ. ಎದುರು ಕೂತವನು ಈಗ ಏನು ಮಾಡಬೇಕೆಂದಿದ್ದಾನೆ ಎಂಬಲ್ಲಿಂದ ಅದು ಶುರು. ಚಿತ್ರ ಎಲ್ಲರಿಗೂ ಕಾಣುವುದರಿಂದ ವಾದ ಹೂಡಬಹುದು. ತನಗೆ ಬೇಕಾದ್ದನ್ನೇ ಕಂಡುಕೊಳ್ಳುವ ಅಪಾಯವೂ ಅಲ್ಲೇ ಇದೆ. ಅಪ್ಪ ಮಾಡಿದ್ದೂ ಅದನ್ನೇ ಇರಬಹುದು. ಎರಡಕ್ಕೂ ಸಮಾನವಾದ ಒಂದು ಮಾತಿದೆ: ಯಾರು ಕೇಳಿದರು, ಏನು ಕೇಳಿದರು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ.

ಆ ಬಿ.ಎ. ಪರೀಕ್ಷೆ ಪಾಸಾದ ಮೇಲೆ ಪದವಿ ಪ್ರಮಾಣಪತ್ರವನ್ನು ಕಾಲೇಜಿನ ಆಫೀಸಿನಲ್ಲಿ ಇಸಕೊಂಡು, ಮಡಿಕೆ ಬೀಳದ ಹಾಗೆ ಹಿಡಿದು, ದೋಣಿಯಲ್ಲಿ ಊರಿಗೆ ಬಂದೆ. ಅಪ್ಪ ಗದ್ದೆಯಿಂದ ಬಂದು ಕೈ ತೊಳೆದು, ಎರಡೂ ಅಂಗೈ ಒಡ್ಡಿದರು. ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಮೇಲಿನ ಮುದ್ರೆಯನ್ನು ಬಿಟ್ಟರೆ ಅದರಲ್ಲಿ ಚಿತ್ರವಿರಲಿಲ್ಲ. ಅಣ್ಣನ ಕೈಗೆ ದಾಟಿಸಿದರು.

ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದರು, ಹಿಂದೆ ತಿರುಗಿಸಿ ನೋಡಿದರು, ಆಮೇಲೆ ನನ್ನ ಮುಂದೆ ಹಿಡಿದರು.

“ಓದಿ ಹೇಳೇ, ಎಂತ ಬರ್ದಿದಾರೆ ಅಂತ. ಇನ್ನು ಕಾಗದ ಓದಿಸಾಕೆ ಮೇಳಿಗೆಗೆ ಹೋಗದು ತಪ್ತು.”