ಸಣ್ಣ ಗಡಿಗೆಯ ಮೊಸರು

ದೇವರ ಮುಂದೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದೆ, ಬಾಗಿಲಲ್ಲಿ ಬಳೆಯ ಸದ್ದಾಯಿತು. ಪಕ್ಕದ ಬಾಡಿಗೆ ಮನೆಯ ಹೊಸ ಸೊಸೆ ಸವಿತಾ, ಕೈಯಲ್ಲಿ ಸ್ಟೀಲಿನ ಬಟ್ಟಲು ಹಿಡಿದು ನಿಂತಿದ್ದಳು.

“ಆಂಟಿ, ಒಂದೀಟು ಹೆಪ್ಪ ಕೊಡ್ತೀರೇನ್ರಿ? ನಮ್ಮ ಮನ್ಯಾಗ ಹೆಪ್ಪಿಗೂ ಮಸರು ಉಳದಿಲ್ಲ.”

ಟಿವಿ ಮುಂದೆ ಕೂತಿದ್ದ ನಮ್ಮ ಯಜಮಾನರು ಕೆಮ್ಮಿದರು. ಅವರ ಎಲ್ಲ ಕೆಮ್ಮಿಗೂ ಒಂದೊಂದು ಅರ್ಥವಿದೆ, ಇದು ಬೇಡ ಅನ್ನುವ ಕೆಮ್ಮು. “ದೀಪಾ ಹಚ್ಚೇತಿ,” ಎಂದರು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು ಹೊಸ್ತಿಲು ದಾಟಬಾರದು. ದಾಟಿದರೆ ಬೆನ್ನಿಗೇ ಲಕ್ಷ್ಮಿಯೂ ಹೊರಡುತ್ತಾಳಂತೆ.

“ಹೋದ್ರ ಬಾಜೂ ಮನಿಗೇ ಹೋಗ್ತಾಳಲ್ರಿ, ದೂರೇನೈತಿ?” ಎಂದು ನಾನು ಮೊಸರಿನ ಗಡಿಗೆ ಮುಂದೆ ಎಳೆದುಕೊಂಡೆ.

“ಒಂದ ಚಮಚ ಸಾಕ್ರಿ,” ಎಂದಳು ಸವಿತಾ. “ಮನ್ಯಾಗ ಗಂಡಸರಿಗೆ ಅಷ್ಟ. ನನಗ ಮಸರು ಸೇರೂದಿಲ್ಲ.”

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಈ ಮಾತು ನನಗೆ ಹೊಸದಲ್ಲ, ಮದುವೆಯಾಗುವವರೆಗೆ ನಾನೇ ಆಡಿಕೊಂಡು ಬಂದ ಮಾತು. ಆಗ ನಾನದನ್ನು ಎಷ್ಟು ಬಿಂಕದಿಂದ ಹೇಳುತ್ತಿದ್ದೆ ಅಂತೀರಿ! ಬೇರೆ ಹುಡುಗಿಯರಿಗೆ ಉದ್ದ ಜಡೆ ಇತ್ತು, ಒಳ್ಳೆಯ ಕಂಠ ಇತ್ತು. ನನಗೆ ಮೊಸರು ಸೇರುತ್ತಿರಲಿಲ್ಲ.

ಲಕ್ಕುಂಡಿಯ ನಮ್ಮ ತವರಿನಲ್ಲಿ ಎಮ್ಮೆ ಇತ್ತು, ಹಾಲಿಗೆ ಬರವಿರಲಿಲ್ಲ. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು. ಮೇಲಿನ ಕೆನೆ ಅಪ್ಪನಿಗೆ, ಅದರ ಕೆಳಗಿನ ಗಟ್ಟಿ ಭಾಗ ಅಣ್ಣಂದಿರಿಗೆ. ಅವರೆಲ್ಲ ಉಂಡು ಎದ್ದ ಮೇಲೆ ಅವ್ವ ತಳದಲ್ಲಿ ಉಳಿದದ್ದಕ್ಕೆ ನೀರು ಬೆರೆಸಿ, ತನಗೊಂದಿಷ್ಟು ನನಗೊಂದಿಷ್ಟು ಬಗ್ಗಿಸುತ್ತಿದ್ದಳು. ಅದೋ, ಹಲ್ಲು ಚಳಿತುಹೋಗುವಷ್ಟು ಹುಳಿ. ಮೊಸರೆಂದರೆ ಇದೇ ಎಂದು ನಾನು ತಿಳಿದಿದ್ದೆ. ಸೇರುವುದಿಲ್ಲ ಅಂದಾಗ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವುದೇತಕ್ಕೆ? ಒಂದು ಪಾಲು ಉಳಿಯಿತಲ್ಲ.

ಮುಂಡರಗಿಯ ಗಂಡನ ಮನೆಗೂ ಇದೇ ಬಿಂಕ ಹೊತ್ತುಕೊಂಡು ಹೋದೆ. ಮೊದಲ ದಿನ ಗಂಡಸರ ಪಂಕ್ತಿ ಎದ್ದ ಮೇಲೆ ಅತ್ತೆ ಮತ್ತು ನಾನು ಒಲೆಯ ಹತ್ತಿರ ಉಣ್ಣಲು ಕುಳಿತೆವು. ಅತ್ತೆ ಒಮ್ಮೆ ಬಾಗಿಲ ಕಡೆ ನೋಡಿ, ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ ಒಂದು ಸಣ್ಣ ಗಡಿಗೆ ತೆಗೆದರು.

“ನನಗ ಮಸರು ಸೇರೂದಿಲ್ರಿ ಅತ್ತಿ.”

“ಯಾವ ಮಸರು ಸೇರೂದಿಲ್ಲ?”

ಇದೆಂಥ ಪ್ರಶ್ನೆ! ಅವರು ಬಿಸಿ ರೊಟ್ಟಿಯ ಮೇಲೆ ಕೆನೆ ಸಮೇತ ಮೊಸರು ಹಾಕಿ, ಪಕ್ಕಕ್ಕೆ ಒಂದು ಉಂಡೆ ರಂಜಕ, ಅಂದರೆ ಹಣ್ಣುಮೆಣಸಿನಕಾಯಿ ರುಬ್ಬಿದ ಕೆಂಪು ಖಾರ, ಇಟ್ಟರು. “ತಿಂದು ನೋಡು. ಬ್ಯಾಡಾದ್ರ ನಾ ತಿಂತೀನಿ. ಇದು ನಮ್ಮದು.”

ತಿಂದೆ. ಖಾರ ನೆತ್ತಿಗೇರುವಷ್ಟರಲ್ಲಿ ತಣ್ಣಗಿನ ಕೆನೆ ಬಂದು ಅದನ್ನು ಸಮಾಧಾನ ಮಾಡಿತು. ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಇದನ್ನು ನನ್ನಿಂದ ಮುಚ್ಚಿಟ್ಟವರು ಯಾರು? ಆ ಸಿಟ್ಟಿನಲ್ಲೇ ಇನ್ನೊಂದು ರೊಟ್ಟಿ ಮುರಿದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಒಣಗಿ ಗರಿಗರಿಯಾದ ಕಟಕ ರೊಟ್ಟಿ ಪುಡಿ ಮಾಡಿ ಮೊಸರಿನಲ್ಲಿ ನೆನೆಹಾಕಿದೆ. ಶೇಂಗಾ ಚಟ್ನಿಪುಡಿಗೆ ಗುಳಿ ಮಾಡಿ ಮೊಸರು ಹಾಕಿದೆ. ಜೋಳದ ನುಚ್ಚಿಗೆ ಮೊಸರು, ಉಳ್ಳಾಗಡ್ಡಿ ಕಲಸಿದೆ. ಬೆಲ್ಲದ ಜೊತೆ ತಿಂದಾಗ ಅತ್ತೆ “ಕೂಸಿನಂಗ ಮಾಡ್ತಿ” ಅಂದರು. ಅಂದು, ತಾವೂ ಒಂದು ಚೂರು ಬೆಲ್ಲ ಹಾಕಿಕೊಂಡರು. ಈಗಿನ ಪ್ಯಾಕೆಟ್ ಮೊಸರಿನಲ್ಲಿ ಇದನ್ನೆಲ್ಲ ಮಾಡಿ ನೋಡಬೇಡಿ, ಅದಕ್ಕೆ ಹುಳಿಯೂ ಇಲ್ಲ, ಹುರುಪೂ ಇಲ್ಲ.

ಒಂದೇ ಬೇಜಾರು. ಗಡಿಗೆ ನಮ್ಮದಾದರೂ ಇರುವುದು ಹಿಟ್ಟಿನ ಡಬ್ಬಿಯ ಹಿಂದೆ. ಹೊರಗೆ ಚಪ್ಪಲಿ ಸದ್ದಾದರೆ ಅತ್ತೆ ತಟ್ಟೆಗೆ ಸೆರಗು ಮರೆ ಮಾಡುತ್ತಿದ್ದರು. ಆ ಮನೆಯ ಎಮ್ಮೆ ಹಿಂಡುತ್ತಿದ್ದವರು ಅವರೇ.

ಆ ವರ್ಷದ ಚಳಿಯಲ್ಲಿ ಒಂದು ದಿನ ದೊಡ್ಡ ಗಡಿಗೆಯ ಹಾಲು ಹೆಪ್ಪಾಗಲಿಲ್ಲ, ಹಿಂದಿನ ದಿನದ ಮಜ್ಜಿಗೆಯಷ್ಟೇ ಉಳಿದಿತ್ತು. ಒಲೆಯ ಕಾವಿಗಿದ್ದ ಸಣ್ಣದು ಮಾತ್ರ ಚೆಂದಾಗಿ ಹೆಪ್ಪುಗಟ್ಟಿತ್ತು. ಕೊರ್ಲಹಳ್ಳಿಯಿಂದ ನೆಂಟರು ಬಂದಿದ್ದರು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ಮಾವ ಕೂಗಿದರು: “ಮಸರು ತರ್ರಿ!”

ಅತ್ತೆಯ ಕೈ ತಾನಾಗಿ ಸಣ್ಣ ಗಡಿಗೆಯ ಕಡೆ ಹೋಯಿತು. ನಾನು ಆ ಕೈ ಹಿಡಿದೆ.

“ಬಿಡವಾ, ಮಂದಿ ಬಂದಾರ,” ಅಂದರು ಮೆತ್ತಗೆ.

ಬಿಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. “ಮಾವಾರ, ಇವತ್ತ ಗಂಡಸರಿಗೆ ಮಜ್ಜಿಗಿ ಐತ್ರಿ.”

“ಮಸರು?”

“ಒಂದ ಸಣ್ಣ ಗಡಿಗಿ ಐತ್ರಿ. ಅದು ನಮ್ಮದು. ಅತ್ತಿ, ನಾನು ಉಣ್ಣಾಕ ಇಟ್ಕೊಂಡೀವಿ.”

ನನ್ನ ಗಂಡ ತಲೆಯನ್ನು ತಟ್ಟೆಯೊಳಗೇ ಇಳಿಸಿಬಿಟ್ಟಿದ್ದರು. ಮಾವ ನನ್ನನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿದರು. “ಮಜ್ಜಿಗಿ ತರ್ರಿ ಹಂಗಾರ,” ಅಂದರು. ಸಿಟ್ಟಿನಿಂದಲೇ ಅಂದರು.

“ನಾ ಮುಚ್ಚಿಟ್ಟದ್ದನ್ನ ಊರಿಗೆಲ್ಲ ಸಾರಿದಿ,” ಎಂದು ಅತ್ತೆ ಆ ದಿನವಿಡೀ ನನ್ನೊಡನೆ ಮಾತು ಬಿಟ್ಟರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಸಣ್ಣ ಗಡಿಗೆ ಡಬ್ಬಿಯ ಹಿಂದೆ ಇರಲಿಲ್ಲ. ದೊಡ್ಡ ಗಡಿಗೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಕೂತಿತ್ತು. ನಾವು ಬೇರೆ ಮನೆ ಮಾಡಿ ಬೆಟಗೇರಿಗೆ ಬಂದಾಗ ಅತ್ತೆ ನನ್ನ ಕೈಗೆ ಕೊಟ್ಟದ್ದು ಅದನ್ನೇ, ಒಳಗೆ ಹೆಪ್ಪು ಹಾಕಿ.

ಈಗ ಅದೇ ಗಡಿಗೆ ಮುಂದಿಟ್ಟುಕೊಂಡು ನಾನು ಸವಿತಾಳನ್ನು ಕೇಳಿದೆ: “ಯಾವ ಮಸರು ಸೇರೂದಿಲ್ಲವಾ ನಿನಗ?”

ಅವಳು ಗಲಿಬಿಲಿಗೊಂಡಳು. “ತಳದಾಗ ಉಳಿತೈತಲ್ರಿ... ಭಾಳ ಹುಳಿ ಇರ್ತೈತಿ.”

“ಬಾ, ಕುಂಡ್ರು.”

“ಬ್ಯಾಡ್ರಿ ಆಂಟಿ, ಅವರದು ಇನ್ನೂ ಊಟ ಆಗಿಲ್ಲ.”

“ನಮ್ಮವರದೂ ಆಗಿಲ್ಲ. ಕುಂಡ್ರು.”

ಕುಳಿತಳು. ರೊಟ್ಟಿ ಹಾಕಿದೆ, ರಂಜಕ ಇಟ್ಟೆ, ಗಡಿಗೆಯ ಮೇಲಿನ ಕೆನೆ ಒಡೆದು ಅವಳಿಗೆ ಅರ್ಧ, ನನಗೆ ಅರ್ಧ ಬಡಿಸಿದೆ. ಕತ್ತಲಾದ ಮೇಲೆ ಮೊಸರು ತಿಂದರೆ ಮೊಣಕಾಲು ಹಿಡಿಯುತ್ತದೆ ಎಂದು ನನಗೆ ಹೇಳದವರಿಲ್ಲ. ಹಿಡಿಯಲಿ, ನನ್ನ ಮೊಣಕಾಲು. ಸವಿತಾ ಮೊದಲ ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಲೇ ಇಲ್ಲ.

ಟಿವಿ ಮುಂದಿನಿಂದ ಮತ್ತೆ ಕೆಮ್ಮು ಕೇಳಿಸಿತು.

“ನನಗ ಮಸರು ಉಳದೈತೇನು?”

“ಮಜ್ಜಿಗಿ ಐತ್ರಿ!” ಎಂದು ನಾನು ಕೂತಲ್ಲಿಂದಲೇ ಕೂಗಿದೆ.