ಹಸಿ ಮೀನಿನ ಪಚಡಿ

ಡಬ್ಬಿಯ ಮುಚ್ಚಳದ ಉಂಗುರಕ್ಕೆ ಬೆರಳು ಸಿಗಿಸಿ ಮಗಳು ಎಳೆದಳು. ಚರ್ ಎಂದು ಸದ್ದಾಯಿತು. ಹಿಂದೆಯೇ ಆ ವಾಸನೆ... ಎಣ್ಣೆಯಲ್ಲಿ ನೆನೆದ ಮೀನಿನ ವಾಸನೆ. ಸಾಂಗಲಿಯಲ್ಲಿ ಕಾಲೇಜು ಓದುವ ಹುಡುಗಿ, ರಜೆಗೆ ಬರುವಾಗ ಚೀಲದಲ್ಲಿ ಅದನ್ನು ಹಾಕಿಕೊಂಡು ಬಂದಿದ್ದಳು. “ಅವ್ವಾ, ಇವತ್ತ ಒಲಿ ಹಚ್ಚೂದs ಬ್ಯಾಡ. ಫೋನಿನ್ಯಾಗ ನೋಡೀನಿ, ಏಶಿಯನ್ ಸಲಾಡ್ ಅಂತ. ಭಾಳ ಸರಳ ಅದ” ಎಂದಳು. ಆಮೇಲೆ ನನ್ನ ಮುಖ ನೋಡಿ, “ಯಾಕ, ವಾಸನಿ ಆಗವಲ್ದೇನ?” ಎಂದು ಕೇಳಿದಳು.

ವಾಸನೆಯಲ್ಲ ತಾಯಿ. ಸಿಟ್ಟು.

ಅವಳು ಈರುಳ್ಳಿ ಹೆಚ್ಚಿದಳು, ಸೌತೆಕಾಯಿ ಹೆಚ್ಚಿದಳು. ಹಸಿಶುಂಠಿ, ಹಸಿಮೆಣಸು, ಕೊತ್ತಂಬರಿ, ಲಿಂಬೆಹುಳಿ, ಚೂರು ಬೆಲ್ಲ, ಮೇಲೆ ಜಜ್ಜಿದ ಶೇಂಗಾ. ಏಶಿಯನ್ ಅಂತೆ, ಏಶಿಯನ್! ನಮ್ಮ ಜತ್ತ ತಾಲೂಕು ಯಾವ ಖಂಡದಲ್ಲಿದೆ ಅಂದುಕೊಂಡಿದ್ದಾರೆ ಇವರು? ಈ ಫೋನು ಹುಟ್ಟುವ ಮೊದಲೇ ಇದನ್ನು ಮಾಡಿದಾಕೆ ನನ್ನ ಗೋಡೆಯ ಆಚೆ ಇದ್ದರು. ಅದನ್ನು ಮಾಡಿದ್ದಕ್ಕೆ ಊರು ಅವರ ಬಾಳಿಗೇ ಮಣ್ಣು ಹಾಕಿತು.

ಅವರನ್ನು ನಾನು ಚಿಕ್ಕವ್ವ ಎನ್ನದೆ ಅವರ ಮಾತಿನಲ್ಲೇ ಖಾಲಾ ಎನ್ನುತ್ತಿದ್ದೆ. ಮಾಡಗ್ಯಾಳದಿಂದ ಮದುವೆಯಾಗಿ, ಮುಚ್ಚಂಡಿ ರಸ್ತೆಯ ಮೇಲಿನ ಈ ಗಡಿಯ ಊರಿಗೆ ನಾನು ಬಂದ ಹೊಸತು. ನಮ್ಮದು ಕುರಿ ಕಾಯುವ ಮನೆತನ. ಖಾಲಾ ಪಕ್ಕದ ಮನೆಯಲ್ಲಿ ಒಂಟಿಯಾಗಿ ಕುಬುಸ ಹೊಲಿದುಕೊಂಡಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅವರ ತಮ್ಮ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗ ಅಕ್ಕನಿಗೆ ಮೀನಿನ ಡಬ್ಬಿಗಳನ್ನು ತರುತ್ತಿದ್ದ. ಥಾಯ್ಲೆಂಡ್ ಕಡೆಯ ಅಡುಗೆಯವನೊಬ್ಬ ಅವನಿಗೆ ಇದನ್ನು ಕಲಿಸಿದ್ದನಂತೆ, ಅವನು ಅಕ್ಕನಿಗೆ ಕಲಿಸಿದ. ಖಾಲಾ ಅದಕ್ಕೆ ನಮ್ಮ ಶೇಂಗಾ ಸೇರಿಸಿ, ಬೆಲ್ಲ ಸೇರಿಸಿ, ಪಚಡಿ ಎಂದು ಹೆಸರಿಟ್ಟರು. ಈರುಳ್ಳಿಗೆ ಉಪ್ಪು ಹಚ್ಚಿ ಹಿಂಡುತ್ತಿದ್ದರು, ಮೀನನ್ನು ಎಲ್ಲದರ ಕೊನೆಗೆ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ಕಲಸುತ್ತಿದ್ದರು. “ಜೋರ್ ಮಾಡಬ್ಯಾಡವ್ವಾ, ಪುಡಿ ಆಗ್ತದ” ಎನ್ನುತ್ತಿದ್ದರು. ಜೋಳದ ರೊಟ್ಟಿಯ ಜೊತೆ ಅದನ್ನು ತಿನ್ನುವಾಗ ನನಗೆ ತವರು ಕೂಡ ನೆನಪಾಗುತ್ತಿರಲಿಲ್ಲ...

ಆ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಖಿಚಡಿ ಮಾಡುವಾಕೆ ಕೆಲಸ ಬಿಟ್ಟಳು. ಖಾಲಾಗೆ ಆ ಕೆಲಸದ ಮೇಲೆ ಜೀವ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದಾಗಿತ್ತು, ಅದೊಂದು. ಇನ್ನೊಂದನ್ನು ಅವರೇ ಬಾಯಿಬಿಟ್ಟು ಹೇಳಿದ್ದರು: “ನನ್ನ ಕೈದು ಉಣ್ಣಾಕ ಮನ್ಯಾಗ ಒಂದ ಕೂಸಿಲ್ಲ. ಸಾಲಿ ತುಂಬ ಕೂಸು ಕುಂತು ಉಂಡ್ರ ಸಾಕವ್ವಾ, ಮತ್ತೇನ ಬ್ಯಾಡ.” ಕೆಲಸ ಕೇಳಿದವರು ಹಲವರಿದ್ದರು, ಆರಿಸಲು ಶಾಲೆಯ ಬಾಯಾರು, ಅಂದರೆ ಟೀಚರು, ಒಂದು ದಾರಿ ಹುಡುಕಿದರು. ಊರಿನ ಉಳಿತಾಯ ಗುಂಪಾದ ಬಚತ್ ಗಟದ ಹೆಂಗಸರಿಗೆಲ್ಲ ‘ಬಿನಾ ಚೂಲಿ’ ಸ್ಪರ್ಧೆ, ಅಂದರೆ ಒಲೆಯೇ ಇಲ್ಲದ ಅಡುಗೆ. ಗೆದ್ದವಳಿಗೆ ಖಿಚಡಿಯ ಕೆಲಸ.

ಒಲೆಯಿಲ್ಲದ ಅಡುಗೆಯೆಂದರೆ ಖಾಲಾನ ಪಚಡಿಗಿಂತ ಬೇರೆ ಯಾವುದಿತ್ತು ಹೇಳಿ. ಡಬ್ಬಿಯ ಮೀನು ಬೆಂದೇ ಬಂದಿರುತ್ತದೆ. ಶಾಲೆಯ ಅಂಗಳದಲ್ಲಿ ಖಾಲಾ ತಮ್ಮ ತಾಟಿಟ್ಟು, ಸೆರಗು ಹೊದ್ದು ನಿಂತರು. ಬಾಯಾರು ಬಂದರು. ಮಿರಜ ಕಡೆಯಿಂದ ಬದಲಿಯಾಗಿ ಬಂದವರು, ಮನೆಮಾತು ಮರಾಠಿ, ನಮ್ಮ ಕನ್ನಡವನ್ನು ಆಗಷ್ಟೇ ಕಲಿಯುತ್ತಿದ್ದರು. ಒಂದು ಚಮಚ ತಿಂದರು, ಇನ್ನೊಂದು ತಿಂದರು. “ವಾಹ್! ಫಾರ್ ಛಾನ್! ಒಣ ಮೀನ ಹಾಕೀರೇನ್ರಿ?”

“ಇಲ್ರಿ ಬಾಯಾರ” ಎಂದರು ಖಾಲಾ, ಮುಖ ಅರಳಿಸಿಕೊಂಡು. “ಹಸೀದರಿ.”

ಮುಗಿಯಿತು.

ನಮ್ಮ ಕಡೆ ಸಂತೆಗೆ ಬರುವುದು ಎರಡೇ ಬಗೆಯ ಮೀನು. ಒಣಗಿಸಿದ್ದು ಒಣ ಮೀನು, ಒಣಗಿಸದ್ದು ಹಸಿ ಮೀನು. ಖಾಲಾ ಹೇಳಿದ್ದು ಅಷ್ಟೇ. ಬಾಯಾರಿಗೆ ಗೊತ್ತಿದ್ದದ್ದು ಹಸಿ ಹಾಲು, ಹಸಿ ಹಿಟ್ಟು. ಹಸಿ ಅಂದರೆ ಕಚ್ಚಾ, ಬೇಯಿಸದ್ದು. ಅದೂ ಒಲೆಯಿಲ್ಲದ ಸ್ಪರ್ಧೆ! ಬಾಯಿಗೆ ಸೆರಗು ಒತ್ತಿಕೊಂಡು ನಳದ ಕಡೆ ಓಡಿದರು, ವಾಂತಿ ಮಾಡಿಕೊಂಡರು. “ಕಚ್ಚಾ ಮೀನ ತಿನಿಸ್ಯಾಳ! ಇಂಥಾಕಿ ಕೈಯಾಗ ಮಕ್ಕಳ ಊಟಾ ಕೊಡ್ಲೇನ?” ಎಂದು ಅಲ್ಲಿಂದಲೇ ಕೂಗಿದರು.

ಬಾಯಾರಿಗೆ ಭಾಷೆ ಬರುತ್ತಿರಲಿಲ್ಲ, ಒಪ್ಪಿದೆ. ಆದರೆ ಅಲ್ಲಿ ಕೂತಿದ್ದ ನಮ್ಮೂರ ಹೆಂಗಸರು? ಹುಟ್ಟಿದಾಗಿನಿಂದ ಸಂತೆಯಲ್ಲಿ ‘ಹಸೀದೋ ಒಣೀದೋ’ ಎಂದು ಕೇಳಿ ಮೀನು ಕೊಂಡವರು! ಒಬ್ಬಳಾದರೂ ಬಾಯಿ ತೆರೆಯಬೇಡವೇ? ಎಲ್ಲರಿಗೂ ಆ ಕೆಲಸ ಬೇಕಿತ್ತು, ಅದಕ್ಕೆ ಎಲ್ಲರ ಬಾಯಿಗೂ ಬೀಗ. ಒಬ್ಬಾಕೆಯಂತೂ ಮೂಗು ಮುಚ್ಚಿಕೊಂಡು “ನನಗ ಆಗಳs ನಾತಾ ಬಂದಿತ್ತು” ಎಂದಳು. ಭಾನುವಾರ ಬಂದರೆ ಓಣಿಗೆಲ್ಲ ಮಟನ್ ಘಮ ಹಬ್ಬಿಸುವವಳು!

ನಾನು ಸುಮ್ಮನಿರಲಿಲ್ಲ. ಹೊಸ ಸೊಸೆ ಅನ್ನುವುದನ್ನೂ ನೋಡದೆ ಎದ್ದು ನಿಂತು, “ಹಸಿ ಅಂದ್ರ ಒಣೀದಲ್ಲ ಅಂತರಿ ಬಾಯಾರ, ಬೆಂದಿಲ್ಲ ಅಂತಲ್ರಿ” ಎಂದು ಒದರಿದೆ. ಓಡಿಹೋಗಿ ಖಾಲಾನ ಮನೆಯಿಂದ ಖಾಲಿ ಡಬ್ಬಿ ತಂದು ಅವರ ಮುಂದೆ ಹಿಡಿದೆ. ಅದರ ಮೇಲೆ ಬರೆದದ್ದು ಯಾವ ಭಾಷೆಯೋ ಏನೋ... ಕನ್ನಡ, ಮರಾಠಿ ಎರಡೂ ಲಿಪಿ ಬರುತ್ತವೆಂದು ಮೆರೆಯುವ ಊರು ನಮ್ಮದು, ಇದು ಮೂರನೆಯದು. ಬಾಯಾರು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು. ನಮ್ಮತ್ತೆ ನನ್ನ ರಟ್ಟೆ ಹಿಡಿದು ಕೂರಿಸಿದರು.

ಮೊದಲ ನಂಬರ್ ಯಾವುದಕ್ಕೆ ಬಂತು ಗೊತ್ತೇ? ಒಗ್ಗರಣೆ ಹಾಕಿದ ಅವಲಕ್ಕಿಗೆ! ಒಲೆಯೇ ಇಲ್ಲದ ಸ್ಪರ್ಧೆಯಲ್ಲಿ ಒಗ್ಗರಣೆ! ಸಾಸಿವೆ ಏನು ಬಿಸಿಲಿಗೆ ಸಿಡಿದಿತ್ತೇ? ಅದನ್ನು ಕೇಳುವವರು ಯಾರೂ ಇರಲಿಲ್ಲ.

ಅಂದಿನಿಂದ ಖಾಲಾಗೆ ‘ಹಸಿ ಮೀನದಾಕಿ’ ಎಂದು ಹೆಸರು ಬಿತ್ತು. ಈದ್‌ಗೆ ಅವರು ಕಳಿಸಿದ ಶೀರ್‌ಖುರ್ಮಾ ಕೆಲವು ಮನೆಗಳಿಂದ ಹೋದ ಹಾಗೆಯೇ ವಾಪಸು ಬಂತು. ಹಾಲು ಶಾವಿಗೆ ಏನು ಪಾಪ ಮಾಡಿತ್ತೋ! ಶಾಲೆ ಬಿಡುವ ಹೊತ್ತಿಗೆ ಖಾಲಾ ಕಟ್ಟೆಗೆ ಬಂದು ಕೂರುವುದನ್ನು ಬಿಟ್ಟರು. ನಾನು ಕುದಿಯುತ್ತಿದ್ದರೆ ಅವರೇ ಸಮಾಧಾನ ಮಾಡುತ್ತಿದ್ದರು. “ಹೋಗ್ಲಿ ಬಿಡವ್ವಾ, ನನ್ನ ನಾಲಿಗಿ ತಪ್ಪಿತು.” ಅವರ ನಾಲಿಗೆ ತಪ್ಪಿರಲಿಲ್ಲ. ಊರಿನ ನಾಲಿಗೆ ಸತ್ತಿತ್ತು. ಕಣ್ಣು ಪೂರಾ ಮಂಜಾದ ಮೇಲೆ ಕರಜಗಿಯ ತಂಗಿಯ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರಂತೆ. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿಹೋಗಿತ್ತು...

ಮಗಳು ಸಲಾಡ್ ಕಲಸಿ ಮುಗಿಸುವಾಗ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಅದೇ ಬಾಯಾರು. ನಿವೃತ್ತರಾಗಿ ನಮ್ಮೂರಲ್ಲೇ ಮನೆ ಕಟ್ಟಿಸಿದ್ದಾರೆ. ಈಗ ಅವರ ಕನ್ನಡ ನಮ್ಮ ಕನ್ನಡವೇ. “ಬರ್ರಿ ಬಾಯಾರ, ಕುಂದ್ರಿ” ಎಂದು ಮಗಳು ಅವರ ಕೈಗೊಂದು ತಾಟು ಕೊಟ್ಟಳು. ಬಾಯಾರು ತಿಂದರು, ಇನ್ನಷ್ಟು ಹಾಕಿಸಿಕೊಂಡರು.

“ಭಾಳ ಚಲೋ ಆಗೇದಲ್ಲs! ಏನಂತಾರ ಇದಕ್ಕ?”

“ಏಶಿಯನ್ ಸಲಾಡ್ ರಿ.”

“ನಮ್ಮ ಸೊಸಿಗೂ ಕಲಿಸವ್ವಾ.”

ನನಗೆ ತಡೆಯಲಾಗಲಿಲ್ಲ. ಅವರ ಕಣ್ಣಲ್ಲಿ ಕಣ್ಣಿಟ್ಟು, “ಹಸೀ ಮೀನರಿ ಬಾಯಾರ” ಎಂದೆ. ಕೈ ನಿಲ್ಲುತ್ತದೆ, ನೆನಪಾಗುತ್ತದೆ, ಖಾಲಾನ ಹೆಸರು ಒಮ್ಮೆಯಾದರೂ ಆ ಬಾಯಲ್ಲಿ ಬರುತ್ತದೆ ಅಂದುಕೊಂಡೆ.

ಬಾಯಾರು ತಾಟಿನಿಂದ ಮುಖ ಎತ್ತಲಿಲ್ಲ. “ಹೂಂ ಮತ್ತ. ಒಣೀದು ನನಗೂ ಸೇರೂದಿಲ್ಲವ್ವಾ. ಹಸೀದs ಚಲೋ” ಎಂದರು.

ಖಾಲಾ ಇದ್ದಿದ್ದರೆ ಬಾಯಿಗೆ ಸೆರಗು ಹಿಡಿದು ನಕ್ಕುಬಿಡುತ್ತಿದ್ದರು. ನನಗೆ ನಗು ಬರಲಿಲ್ಲ. ತಾಟಿನಲ್ಲಿ ಉಳಿದದ್ದನ್ನು ನೋಡಿದೆ. ಮಗಳು ಜೋರಾಗಿ ಕಲಸಿದ್ದಳು, ಮೀನೆಲ್ಲ ಪುಡಿಯಾಗಿತ್ತು.