ಎದುರಿಗೆ ಕೂತವರದ್ದು ಮೊದಲು

ನಮ್ಮ ಟೈಲರಕ್ಕ ಪುರಸಭೆಯ ಮೆಂಬರಾದದ್ದು ಒಂದು ಸ್ಟೀಲ್ ಡಬ್ಬಿಯ ದಯೆಯಿಂದ. ಎಣಿಕೆ ಮುಗಿದಾಗ ಅವಳಿಗೂ ಎದುರಾಳಿಗೂ ಮತ ಸಮಸಮ ಬಂದಿತ್ತು. ಮತ್ತೆ ಎಣಿಸಿದರು, ಮತ್ತೆ ಸಮ. ಕೊನೆಗೆ ನಿಯಮದ ಪ್ರಕಾರ ಎರಡು ಚೀಟಿ ಬರೆದರು. ಕಚೇರಿಯ ಜವಾನ ತನ್ನ ಊಟದ ಡಬ್ಬಿಯನ್ನೇ ತೊಳೆದು ಒರೆಸಿ ತಂದುಕೊಟ್ಟ. ಅದರಿಂದ ಅವಳ ಚೀಟಿ ಎದ್ದಿತು. ಅಂದಿನಿಂದ ಊರಿಗೆಲ್ಲ ಅವಳು 'ಚೀಟಿ ಮೆಂಬರು'. ಮುಖದ ಮುಂದೆ ಹೇಳುತ್ತಿರಲಿಲ್ಲ, ಬೆನ್ನು ತಿರುಗಿಸಿದ ಕೂಡಲೇ ಹೇಳುತ್ತಿದ್ದರು. ಅವಳ ಕಿವಿ ಬೆನ್ನಿನಲ್ಲೇ ಇತ್ತು.

ನಾನು ಆ ಪುರಸಭೆಯಲ್ಲಿ ಸಭೆಯ ನಡಾವಳಿ ಬರೆಯುವವಳು. ಯಾರು ಏನೆಂದರು, ಏನು ತೀರ್ಮಾನವಾಯಿತು ಎಂದು ದಾಖಲಿಸುವುದು ನನ್ನ ಕೆಲಸ. ಅಂದದ್ದನ್ನೆಲ್ಲ ಬರೆದರೆ ಅರ್ಧ ಊರು ಇನ್ನರ್ಧ ಊರಿನ ಮೇಲೆ ಕೇಸು ಹಾಕೀತು, ಅದಕ್ಕೇ ಸೋಸಿ ಬರೆಯುತ್ತೇನೆ. ಟೈಲರಕ್ಕ ನಮ್ಮ ಬೀದಿಯವಳೇ, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಬೀದಿಯಲ್ಲಿ ಅವಳು ನನ್ನನ್ನು 'ಏನೇ' ಎನ್ನುತ್ತಾಳೆ, ನಾನು 'ಅಕ್ಕ' ಎನ್ನುತ್ತೇನೆ. ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ನಾನು 'ಮೇಡಂ', ಅವಳು 'ಸದಸ್ಯರೇ'. ಮೆಟ್ಟಿಲಿಳಿಯುವಾಗ ಇಬ್ಬರಿಗೂ ನಗು ಬರುತ್ತಿತ್ತು.

ಅವಳ ಅಂಗಡಿ ಮಾರ್ಕೆಟ್ಟಿನ ಬಾಗಿಲ ಪಕ್ಕದಲ್ಲಿದೆ. ಒಂದು ಹೊಲಿಗೆ ಮೆಷಿನ್ನು, ಒಂದು ಇಸ್ತ್ರಿ ಮೇಜು, ಗಿರಾಕಿಗೆ ಒಂದು ಸ್ಟೂಲು, ಇಷ್ಟಕ್ಕೇ ಜಾಗ ಮುಗಿಯಿತು. ಅವಳು ಹೊಲಿಯುತ್ತಾಳೆ, ಗಂಡ ಇಸ್ತ್ರಿ ಹಾಕುತ್ತಾನೆ. "ಇವಳು ಮುದುಡಿಸ್ತಾಳೆ, ನಾನು ನೆಟ್ಟಗೆ ಮಾಡ್ತೀನಿ, ಸಂಸಾರ ಅಂದ್ರೆ ಇಷ್ಟೇ" ಎಂಬುದು ಬಂದವರಿಗೆಲ್ಲ ಅವನು ಹೇಳುವ ಮಾತು. ಅವಳ ಕೈಯಲ್ಲಿ ಒಂದು ಹೊಲಿಗೆಯೂ ಓರೆಯಾಗುವುದಿಲ್ಲ. ಆದರೆ ಮಾತು ಮಾತ್ರ ಪಕ್ಕಾ ದರ್ಜಿಯ ಮಾತು. "ನಾಳೆ ಬಾ" ಎಂದರೆ ವಾರ ಬಿಟ್ಟು ಬಾ ಎಂದರ್ಥ. "ಗುಂಡಿ ಒಂದು ಹಾಕೋದು ಬಾಕಿ" ಎಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಸೋಕಿಲ್ಲ.

ಇಂಥವಳು ಚುನಾವಣೆಗೆ ಯಾಕೆ ನಿಂತಳು ಎಂದು ಬೀದಿಯೇ ಕೇಳಿತ್ತು. ಅವಳ ಉತ್ತರ ಒಂದೇ. ಮಾರ್ಕೆಟ್ಟಿನಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಬೇಕು. ಗಂಡಸರಿಗೂ ಇಲ್ಲವಲ್ಲ ಎಂದು ಯಾರೋ ಅಂದರು. "ಅವರಿಗೆ ಗೋಡೆ ಇದೆ" ಎಂದಳು.

ಅವಳ ಅಮ್ಮ ಅದೇ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುತ್ತಿದ್ದವಳು. ಕತ್ತಲಿರುವಾಗ ಬಂದು ಕೂತರೆ ಏಳುವುದು ಮತ್ತೆ ಕತ್ತಲಾದ ಮೇಲೆ. ಗಂಟಲು ಒಣಗಿದರೆ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗಿಯುತ್ತಿದ್ದಳು, ನುಂಗುತ್ತಿರಲಿಲ್ಲ. ಹೀಗೆ ಮಾಡಿ ಮಾಡಿ ಸೊಂಟದ ಕೆಳಗೆ ಉರಿ, ಜ್ವರ, ಆಸ್ಪತ್ರೆ, ಮತ್ತೆ ಉರಿ. "ತಾಳಿದವನು ಬಾಳಿಯಾನು ಅಂತಾರಲ್ಲ, ಅಮ್ಮ ತಾಳಿ ತಾಳಿನೇ ಹೋದಳು ಕಣೇ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದಳು. ಹೇಳುವಾಗ ಮೆಷಿನ್ ನಿಲ್ಲಿಸಿರಲಿಲ್ಲ. ನನಗೆ ಅಳು ಬಂತು, ಅವಳಿಗೆ ಸಿಟ್ಟು ಬಂತು. ಈಗ ಅದೇ ಜಾಗದಲ್ಲಿ ಅವಳ ಚಿಕ್ಕಮ್ಮ ಸೊಪ್ಪು ಮಾರುತ್ತಾಳೆ. ಚಿಕ್ಕಮ್ಮನೂ ಮುಕ್ಕಳಿಸಿ ಉಗಿಯುತ್ತಾಳೆ.

ಮೆಂಬರಾದ ಮೊದಲ ತಿಂಗಳಲ್ಲೇ ಟೈಲರಕ್ಕ ಅರ್ಜಿ ಕೊಟ್ಟಳು. ಮಾರ್ಕೆಟ್ಟಿನ ಮೂಲೆಯಲ್ಲಿ ಹಳೇ ತೂಕದ ಕೋಣೆಯೊಂದು ಖಾಲಿ ಬಿದ್ದಿತ್ತು, ಪಕ್ಕದಲ್ಲೇ ನಲ್ಲಿ, ಹಿಂದೆಯೇ ಚರಂಡಿ. ಅದನ್ನೇ ಶೌಚಾಲಯ ಮಾಡಿ ಎಂದು ಕೇಳಿದ್ದಳು. ಹೊಸ ಮೆಂಬರಿನ ವಿಷಯ ಕಾರ್ಯಸೂಚಿಯ ಕೊನೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಕೊನೆಯ ವಿಷಯಕ್ಕೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಬೀದಿದೀಪ, ಚರಂಡಿ, ಬೀದಿನಾಯಿ ಎಂದು ಮಧ್ಯಾಹ್ನದವರೆಗೆ ಕೂಗಾಡುತ್ತಾರೆ, ಆಮೇಲೆ ಚಹಾ ಬರುತ್ತದೆ. ಚಹಾ ಕುಡಿದವರು "ಒಂದು ನಿಮಿಷ" ಎಂದು ಎದ್ದು ಹೋಗುತ್ತಾರೆ. ಆ ನಿಮಿಷ ಮುಂದಿನ ತಿಂಗಳವರೆಗೂ ಮುಗಿಯುವುದಿಲ್ಲ. ಮೊದಲು ಏಳುವವನು ಮಾರ್ಕೆಟ್ಟಿನ ವಾಚ್ ಅಂಗಡಿಯ ಯಜಮಾನ, ಎಲ್ಲರೂ ಅವನನ್ನು ಗಡಿಯಾರದ ಮೆಂಬರು ಎನ್ನುತ್ತಾರೆ. ಅವನು ಎದ್ದರೆ ಉಳಿದವರೂ ಹಿಂದೆಯೇ. ಹಾಜರಿ ಸಾಲದೆ ಸಭೆ ಮುಗಿಯುತ್ತದೆ. 'ಸಮಯದ ಅಭಾವದಿಂದ ಈ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ' ಎಂಬ ವಾಕ್ಯವನ್ನು ನಾನು ಸಭೆಗೆ ಮುಂಚೆಯೇ ಬರೆದಿಟ್ಟುಕೊಳ್ಳುತ್ತಿದ್ದೆ. ಕೈನೋವು ಕಡಿಮೆ.

ಒಂದು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ಗಡಿಯಾರದ ಮೆಂಬರು ಆ ಕೋಣೆಯನ್ನು ಅಂಗಡಿಯಾಗಿ ಬಾಡಿಗೆಗೆ ಹರಾಜು ಹಾಕೋಣ ಎಂದ. ಮುಖ್ಯಾಧಿಕಾರಿಗಳು ಹೂಂ ಎಂದರು. ಮುಂದಿನ ಸಭೆಯಲ್ಲಿ ಬೇರೆ ತೀರ್ಮಾನವಾಗದಿದ್ದರೆ ಹರಾಜು ಖಂಡಿತ. ಮಾರ್ಕೆಟ್ಟಿನಲ್ಲಿ ಪುರಸಭೆಗೆ ಸೇರಿದ ಬೇರೆ ಅಂಗುಲ ಜಾಗವಿಲ್ಲ. ಕೋಣೆ ಹೋದರೆ ಟೈಲರಕ್ಕನ ಮಾತೂ ಹೋಯಿತು.

ಆ ವಾರ ನಾನು ನನ್ನ ನೀಲಿ ಟಾಪು ಕೇಳಲು ಅಂಗಡಿಗೆ ಹೋದೆ. ಎಷ್ಟನೆಯ ಸಲ ಎಂದು ಕೇಳಬೇಡಿ.

"ನಾಳೆ ಬಾರೇ. ಗುಂಡಿ ಒಂದು ಬಾಕಿ."

"ಆ ಟಾಪಿಗೆ ಗುಂಡಿನೇ ಇಲ್ಲಕ್ಕ!" ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನಿಮ್ಮ ನಾಳೆ ಸಾಕು. ಇವತ್ತು ಕೊಡೋವರೆಗೂ ನಾನು ಏಳಲ್ಲ" ಎಂದು ಸ್ಟೂಲಿನ ಮೇಲೆ ಕೂತೇಬಿಟ್ಟೆ.

ಗಂಡ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನಕ್ಕ. "ಸಿಕ್ಕಿಬಿದ್ದಳು ನೋಡಿ. ಎದುರಿಗೆ ಕೂತವರ ಬಟ್ಟೆ ಮೊದಲು, ಇದೇ ಇವಳ ಕಾನೂನು."

ಅದು ನಿಜ. ಬೈದವರ ಬಟ್ಟೆ ಅವಳು ಹೊಲಿಯುವುದಿಲ್ಲ, ಬೇಡಿಕೊಂಡವರದ್ದೂ ಇಲ್ಲ. ಸುಮ್ಮನೆ ಎದುರಿಗೆ ಕೂತು ನೋಡುವವರನ್ನು ಮಾತ್ರ ಅವಳಿಂದ ತಡೆದುಕೊಳ್ಳಲು ಆಗುವುದಿಲ್ಲ. ಕಪಾಟಿನ ತಳದಿಂದ ನನ್ನ ಬಟ್ಟೆ ಎಳೆದಳು, ಕತ್ತರಿಸಿದಳು, ಮೆಷಿನ್ ತುಳಿದಳು. ಒಂದು ತೋಳು ಕೂರಿಸಿದವಳು ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು.

"ಏನೇ, ಸಭೆಗೆ ಹೊರಗಿನವರು ಬಂದು ಕೂರಬಹುದಾ?"

"ಕೂರಬಹುದು. ಹಿಂದಿನ ಬೆಂಚು ಇರೋದೇ ಅದಕ್ಕೆ. ಯಾರೂ ಬರಲ್ಲ ಅಂತ ಅದರ ಮೇಲೆ ಕೆಟ್ಟ ಫ್ಯಾನು ಇಟ್ಟಿದ್ದೀವಿ."

"ಮಾತಾಡಬಹುದಾ?"

"ಆಡೋ ಹಾಗಿಲ್ಲ. ಸುಮ್ಮನೆ ಕೂತು ನೋಡಬಹುದು."

"ಅಷ್ಟೇ ಸಾಕು" ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಮಾರ್ಕೆಟ್ಟಿನ ಒಳಗೆ ಹೋದಳು. ನನ್ನ ಟಾಪು ಒಂಟಿ ತೋಳಿನಲ್ಲಿ ಮೆಷಿನ್ನಿನ ಮೇಲೆ ಬಿದ್ದಿತ್ತು. ಅವಳ ಗಂಡ ಅದಕ್ಕೆ ಇಸ್ತ್ರಿ ಹಾಕಿಕೊಡಲೇ ಎಂದು ಕೇಳಿದ.

ಸಭೆಯ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಮಾರ್ಕೆಟ್ಟಿನ ಹೆಂಗಸರು ಹತ್ತು ಹನ್ನೆರಡು ಜನ, ಸೊಪ್ಪಿನ ಚಿಕ್ಕಮ್ಮನನ್ನು ಮುಂದಿಟ್ಟುಕೊಂಡು ಬಂದರು. ಜವಾನ ಕೆಟ್ಟ ಫ್ಯಾನನ್ನು ಎತ್ತಿ ಬದಿಗಿಟ್ಟ. ಬೆಂಚಿನಲ್ಲಿ ಹಿಡಿಸಿದಷ್ಟು ಜನ ಕೂತರು, ಮಿಕ್ಕವರು ನೆಲದ ಮೇಲೆ. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. ಗಡಿಯಾರದ ಮೆಂಬರು ನನ್ನ ಹತ್ತಿರ ಬಗ್ಗಿ, "ಏನ್ ಮೇಡಂ, ಚೀಟಿ ಮೆಂಬರು ಗಲಾಟೆ ಮಾಡಿಸ್ತಾರಾ?" ಎಂದು ಪಿಸುಗುಟ್ಟಿದ. ಗಲಾಟೆಯಾಗಿದ್ದರೆ ಅವನಿಗೆ ಸಲೀಸಾಗುತ್ತಿತ್ತು, ಸಭೆ ನಿಲ್ಲುತ್ತಿತ್ತು. ಆದರೆ ಹೆಂಗಸರು ತುಟಿಪಿಟಕ್ಕೆನ್ನದೆ ಕೂತಿದ್ದರು. ತಕ್ಕಡಿಯ ಮುಳ್ಳು ನೋಡಿ ರೂಢಿಯಾದ ಕಣ್ಣುಗಳು. ಮಾತಾಡುವವರ ಮುಖವನ್ನೇ ನೋಡುತ್ತಿದ್ದವು.

ನನ್ನ ಅನುಭವದಲ್ಲಿ ಅಂಥ ಸಭೆ ನಡೆದಿರಲಿಲ್ಲ. ಯಾರೂ ಮೇಜು ಕುಟ್ಟಲಿಲ್ಲ, ಯಾರೂ ಇನ್ನೊಬ್ಬರ ಅಪ್ಪನ ವಿಚಾರ ಎತ್ತಲಿಲ್ಲ. ಬೀದಿನಾಯಿಯ ವಿಷಯ ಕೂಡ ಬೇಗ ಮುಗಿಯಿತು. ಆದರೂ ಚಹಾದ ಹೊತ್ತು ಬಂದೇ ಬಂತು. ಜವಾನ ಮೆಂಬರುಗಳಿಗೆಲ್ಲ ಚಹಾ ಕೊಟ್ಟು, ಟ್ರೇ ಹಿಡಿದು ಹಿಂದಿನ ಬೆಂಚಿಗೂ ಹೋದ. ಅದು ಅವನ ಸ್ವಂತ ತೀರ್ಮಾನ, ಯಾರೂ ಹೇಳಿರಲಿಲ್ಲ.

"ಬೇಡಪ್ಪ" ಎಂದಳು ಚಿಕ್ಕಮ್ಮ.

"ನೀರಾದ್ರೂ?"

"ನೀರೂ ಬೇಡ."

ಪಕ್ಕದವಳೂ ಬೇಡ ಎಂದಳು. ಅವಳ ಪಕ್ಕದವಳೂ ಬೇಡ ಎಂದಳು. ತುಂಬಿದ ಲೋಟಗಳು ಹೋದ ಹಾಗೇ ವಾಪಸು ಬಂದವು. ಅಧ್ಯಕ್ಷರು ಒಳ್ಳೆಯ ಮನುಷ್ಯರು, ಸ್ವಲ್ಪ ನಿಧಾನ ಅಷ್ಟೇ. ಅವರಿಗೆ ಇದು ಮುನಿಸಿನಂತೆ ಕಂಡಿತು.

"ಯಾಕಮ್ಮ, ಇಷ್ಟು ಬಿಸಿಲಲ್ಲಿ ಬಂದಿದ್ದೀರಿ. ನಮ್ಮ ಮೇಲೆ ಕೋಪ ಇದ್ರೆ ಇರಲಿ, ನೀರು ಕುಡೀರಿ."

"ಕೋಪ ಯಾಕೆ ಸ್ವಾಮಿ? ಇಲ್ಲಿಂದ ಸೀದಾ ಸೊಪ್ಪಿನ ಮುಂದೆ ಕೂರಬೇಕು. ಈಗ ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗೋಣ?"

ಹೊರಗಿನವರು ಮಾತಾಡುವ ಹಾಗಿಲ್ಲ ಎಂದು ಮುಖ್ಯಾಧಿಕಾರಿಗಳು ಬಾಯಿ ತೆರೆದರು. ಅಧ್ಯಕ್ಷರು ಕೈಯೆತ್ತಿ ತಡೆದರು. ಅಷ್ಟರಲ್ಲಿ ಗಡಿಯಾರದ ಮೆಂಬರು ಅಭ್ಯಾಸದಂತೆ ವಾಚು ನೋಡಿ, "ಒಂದು ನಿಮಿಷ" ಎಂದು ಎದ್ದ.

"ನೀವೆಲ್ಲಿಗೆ ಹೊರಟಿರಿ ಅಣ್ಣ?" ಚಿಕ್ಕಮ್ಮ ಕೇಳಿದ್ದು ಬರೀ ಸಹಜವಾಗಿ, ಬೀದಿಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ.

ಅವನು ಬಾಗಿಲ ಪಕ್ಕದ ಇನ್ನೊಂದು ಪುಟ್ಟ ಬಾಗಿಲು ನೋಡಿದ. ಅದರ ಮೇಲೆ 'ಸದಸ್ಯರಿಗೆ ಮಾತ್ರ' ಎಂದು ಬರೆದಿತ್ತು. "ಇಲ್ಲೇ... ಚಹಾ ಕುಡಿದೆ ನೋಡಿ..." ಎಂದು ತಡವರಿಸಿದ.

ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಜವಾನ ಟ್ರೇ ಕೆಳಗಿಟ್ಟು ನಕ್ಕ. ಬೆಂಚಿನ ಮೇಲಿದ್ದವರು ನಗಲಿಲ್ಲ. "ಹೋಗಿ ಬನ್ನಿ, ಪಾಪ. ತಡೆಯಬಾರದು, ಕಾಯಿಲೆ ಬರುತ್ತೆ. ನಾವು ಕಾಯ್ತೀವಿ" ಎಂದಳು ಚಿಕ್ಕಮ್ಮ. ನಗು ತಟ್ಟನೆ ನಿಂತುಹೋಯಿತು.

ಅವನು ಹೋದ. ಮತ್ತೆ ಬಂದ. ಚಹಾ ಆದ ಮೇಲೆ ಅವನು ಸಭೆಗೆ ಮರಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ಬಂದದ್ದರಿಂದ ಉಳಿದವರೂ ಕುರ್ಚಿ ಬಿಡಲಿಲ್ಲ.

ಆಗ ಟೈಲರಕ್ಕ ಎದ್ದಳು. ವರ್ಷವಿಡೀ ಅವಳು ಸಭೆಯಲ್ಲಿ ಎದ್ದದ್ದು ರಾಷ್ಟ್ರಗೀತೆಗೆ ಮಾತ್ರ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡಲು ಮರೆತು ಬಂದಿದ್ದಳು.

"ನನ್ನಮ್ಮ ಆ ಮಾರ್ಕೆಟ್ಟಲ್ಲಿ ಬಾಯಾರಿಕೊಂಡೇ ಮುದುಕಿ ಆದಳು, ಬಾಯಾರಿಕೊಂಡೇ ಹೋದಳು. ನಾನು ಚೀಟಿ ಎತ್ತಿ ಬಂದವಳು, ನನಗೆ ಗೊತ್ತು. ನೀವು ಅದನ್ನೇ ಹೇಳಿಕೊಂಡಿರಿ, ಬೇಜಾರಿಲ್ಲ. ಆ ಕೋಣೆ ಮಾತ್ರ ಇವರಿಗೆ ಕೊಡಿ. ನಾಳೆ ಬಾ ಅನ್ನಬೇಡಿ. ಆ ನಾಳೆ ಯಾವತ್ತು ಬರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

ಕೂತುಬಿಟ್ಟಳು. ನಾನು ಪೆನ್ನು ಹಿಡಿದು ಬರೆಯುವುದನ್ನೇ ಮರೆತಿದ್ದೆ.

ಬಾಡಿಗೆ ಬರುತ್ತದಲ್ಲ ಎಂದು ಮುಖ್ಯಾಧಿಕಾರಿಗಳು ಗಡಿಯಾರದ ಮೆಂಬರಿನ ಕಡೆ ನೋಡಿದರು. ಅವನು ಮೇಜಿನ ಮೇಲಿನ ಖಾಲಿ ಲೋಟ ತಿರುಗಿಸುತ್ತಾ ಕೂತಿದ್ದ.

"ನಾನು ಸಭೆಗೆ ಬಂದಾಗೆಲ್ಲ ನಮ್ಮ ಮನೆಯವಳು ಅಂಗಡಿ ನೋಡ್ಕೊಳ್ತಾಳೆ. ಬಾಟಲಿ ತುಂಬ ನೀರು ಇಟ್ಟು ಬರ್ತೀನಿ, ಹೋಗಿ ನೋಡಿದ್ರೆ ಹಾಗೇ ಇರುತ್ತೆ. ಬಿಂಕ ಅಂದ್ಕೊಂಡಿದ್ದೆ." ಲೋಟವನ್ನು ಪಕ್ಕಕ್ಕೆ ಸರಿಸಿ, "ಹರಾಜು ಬೇಡ ಬಿಡಿ" ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದ.

ಉಳಿದ ಕೈಗಳು ಒಂದೊಂದಾಗಿ ಮೇಲೆದ್ದವು. ಕೆಲವು ಮನಸ್ಸಿನಿಂದ, ಕೆಲವು ಬೆಂಚಿನ ಕಡೆ ನೋಡಿ. ನನಗೇನು, ನಡಾವಳಿಯಲ್ಲಿ ಎಲ್ಲ ಕೈಗಳೂ ಒಂದೇ. ಮೊದಲೇ ಬರೆದಿಟ್ಟಿದ್ದ ಆ ವಾಕ್ಯವನ್ನು ಅಡ್ಡಗೀಟು ಎಳೆದು ಹೊಡೆದುಹಾಕಿದೆ. ಗೀಟು ಸ್ವಲ್ಪ ಜೋರಾಗಿಯೇ ಬಿತ್ತು, ಹಾಳೆ ಹರಿಯಿತು.

ಕೈಯೆತ್ತಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲವಲ್ಲ. ಗುತ್ತಿಗೆದಾರ ಸಿಮೆಂಟಿಲ್ಲ ಎಂದ, ಗಾರೆಯವ ನಾಳೆ ಬರುತ್ತೇನೆ ಎಂದ. ಟೈಲರಕ್ಕ ಗಿರಾಕಿಯ ಸ್ಟೂಲು ಎತ್ತಿಕೊಂಡು ಹೋಗಿ ತೂಕದ ಕೋಣೆಯ ಮುಂದೆ ಹಾಕಿದಳು. ಕೈಹೊಲಿಗೆಯ ಕೆಲಸವನ್ನೆಲ್ಲ ಅಲ್ಲೇ ಕೂತು ಮಾಡಿದಳು. ಅವಳಿಗೆ ಅಂಗಡಿಗೆ ಹೋಗಬೇಕಾದಾಗ ಚಿಕ್ಕಮ್ಮ ಬಂದು ಕೂರುತ್ತಿದ್ದಳು, ಚಿಕ್ಕಮ್ಮನಿಗೆ ವ್ಯಾಪಾರ ಬಂದಾಗ ಇನ್ನೊಬ್ಬಳು. ಒಂದು ದಿನ ಗಡಿಯಾರದ ಮೆಂಬರಿನ ಹೆಂಡತಿಯೂ ಆ ಸ್ಟೂಲಿನ ಮೇಲಿದ್ದಳು. ಗಾರೆಯವ ತಲೆ ಚಚ್ಚಿಕೊಂಡು ಗೋಡೆ ಎಬ್ಬಿಸಿದ, ಬಾಗಿಲು ಕೂರಿಸಿದ, ಒಳಗಿನಿಂದ ಚಿಲಕವನ್ನೂ ಹಾಕಿಕೊಟ್ಟ.

ಬಾಗಿಲು ತೆರೆದ ದಿನ ಮಧ್ಯಾಹ್ನ ನಾನು ಮಾರ್ಕೆಟ್ಟಿಗೆ ಹೋದೆ. ಸ್ಟೂಲು ವಾಪಸು ಅಂಗಡಿಗೆ ಬಂದಿತ್ತು.

"ನನ್ನ ತೋಳು ಎಲ್ಲಕ್ಕ?"

"ನಾಳೆ..." ಎಂದು ಬಾಯಿ ತೆರೆದವಳು ನನ್ನ ಮುಖ ನೋಡಿದಳು. "ಕೂತ್ಕೋ ಮಾರಾಯ್ತಿ."

ಕೂತೆ. ಮೆಷಿನ್ ಓಡಿತು. ಎದುರಿಗೇ ಸೊಪ್ಪಿನ ಬುಟ್ಟಿಯ ಹಿಂದೆ ಚಿಕ್ಕಮ್ಮ ಚೊಂಬು ಎತ್ತಿ ಬಾಯಿಗೆ ನೀರು ಸುರಿದುಕೊಂಡಳು, ರೂಢಿಯಂತೆ ಮುಕ್ಕಳಿಸಿದಳು, ಉಗಿಯಲು ಪಕ್ಕಕ್ಕೆ ತಿರುಗಿದಳು. ತಿರುಗಿದವಳು ಹಾಗೇ ನಿಂತಳು. ಕೆನ್ನೆ ಉಬ್ಬಿಸಿಕೊಂಡೇ ಮೂಲೆಯ ಹೊಸ ಬಾಗಿಲನ್ನು ನೋಡಿದಳು.

ಮೆಷಿನ್ ನಿಂತಿತು. ಟೈಲರಕ್ಕನೂ ನೋಡುತ್ತಿದ್ದಳು.

ಚಿಕ್ಕಮ್ಮ ನೀರನ್ನು ನುಂಗಿದಳು. ಆಮೇಲೆ ಚೊಂಬನ್ನು ಮತ್ತೆ ಎತ್ತಿ, ಗಟಗಟ ಎಂದು ಕೊನೆಯ ಹನಿಯವರೆಗೂ ಕುಡಿದು, ಖಾಲಿ ಚೊಂಬನ್ನು ನಮ್ಮ ಕಡೆ ಚಾಚಿದಳು.

"ಏನ್ ನೋಡ್ತೀರೇ ಇಬ್ಬರೂ? ಇನ್ನೊಂದು ಚೊಂಬು ತಂದುಕೊಡಿ."